ಉಸುಕಿನೊಳಗಿನ ಒಂಟಿ

ರತ್ನದೀಪ 'ಒಂಟೆ' ಎಂದು ಸರಿಯಾಗಿ ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅವನು ಮಾತಾಡಿದಂತೆಯೇ ಬರೆಯುವವನು. 'ಒಂಟಿ' ಎಂದು ಬರೆದ.

ಬಸವಕಲ್ಯಾಣದ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಸ್ನೇಹಲ್ ಯುದ್ಧದಾಟಕ್ಕೆ ಉಸುಕು ಹರವಿ, ನಡುವೆ ಪುಟ್ಟ ಬಾವಿ ತೋಡಿ, ಇಂಗ್ಲಿಷರ ಕಾಲದ ಮರಳುಗಾಡು ಕಟ್ಟಿದ್ದಳು. ಪಕ್ಕದ ಮನೆಯ ಮೀನಾಜ್ ಇಂಗ್ಲಿಷರ ಕರ್ನಲ್. ಹುಮನಾಬಾದಿನ ಅತ್ತೆಯ ಮಗ ರತ್ನದೀಪ ಮರಳುಗಾಡಿನ ಸರದಾರ. ಇಬ್ಬರೂ ತಮ್ಮ ತಮ್ಮ ಗತ್ತಿನಲ್ಲಿ ಕಾಗದ ಬರೆದು ಧಮಕಿ ಹಾಕಬೇಕು, ಸ್ನೇಹಲ್ ದಾಳ ಉರುಳಿಸಿ ತೀರ್ಪು ಹೇಳಬೇಕು. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ ಅಲ್ಲಿ ಮಾತ್ರ ಎರಡು ಸೈನ್ಯಗಳನ್ನು ಕುಣಿಸುತ್ತಿದ್ದಳು. ಅವತ್ತು ಸಂಜೆ ಕೊನೆಯ ಕಾಳಗ.

ಸರದಾರನ ಕಾಗದವನ್ನು ಹುಮನಾಬಾದಿನಿಂದ ತಂದ ಓಣಿಯ ಅಕ್ಬರಿ ಖಾಲಾ, ಅಂಗಳದಲ್ಲಿದ್ದ ಮನೆ ಮಾಲಕಿ ಪಾರ್ವತಿಬಾಯಿಯ ಕೈಗಿಟ್ಟಳು. ಮಡಚಿದ ಕಾಗದ ಕಂಡರೆ ಪಾರ್ವತಿಬಾಯಿಯ ಬೆರಳು ತುರಿಸುತ್ತಿದ್ದವು.

"'ನಿಮ್ಮ ಒಂದು ಒಂಟಿ ನಮ್ಮ ಕೈಗೆ ಸಿಕ್ಕದ. ಉಸುಕಿನಾಗ ಮುಚ್ಚಿಟ್ಟೀವಿ. ಬಾವಿ ಬಿಟ್ಟುಕೊಟ್ರ ತಿರುಗಿ ಕೊಡ್ತೀವಿ!'" ಎಂದು ಓದಿ ಆಕೆ ಚೀರಿದಳು. ಆಕೆಯ ಗಂಡ ಮಹಾರುದ್ರಪ್ಪನ ಎಡಗಿವಿಯ ಬಂಗಾರದ ಒಂಟಿ ಹಿಂದಿನ ದಿನವೇ ಕಾಣೆಯಾಗಿತ್ತು. "ನೋಡ್ರಿ, ಕಳ್ಳ ತಾನಾ ಬರದು ಕೊಟ್ಟಾನ! ಮ್ಯಾಲ ನಮ್ಮ ಬಾವಿನೂ ಬೇಕಂತ!"

ಓಣಿಯೇ ಮಾಳಿಗೆ ಹತ್ತಿತು.

"ಆಯಿ, ಅದು ಕಿವಿ ಒಂಟಿ ಅಲ್ರಿ," ಸ್ನೇಹಲ್ ತೊದಲಿದಳು. "ನಡಿಯೋ ಒಂಟಿ."

"ಬಂಗಾರ ನಡಕೊಂತ ಹೋತೇನು?"

"ಅದು ನನ್ನ ಒಂಟಿರಿ, ಆಯಿ," ಎಂದು ಮೀನಾಜ್ ಮುಂದೆ ಬಂದಳು. "ನಾ ಕರ್ನಲ್."

"ಇಕಿನೂ ಕೂಡ್ಯಾಳ! ಒಂಟಿ ಸಿಗಲಿಲ್ಲಂದ್ರ ಈ ಉಸುಕೆಲ್ಲ ಓಣಿಗೆ ಚೆಲ್ಲತೀನಿ!"

ಸ್ನೇಹಲ್‌ಳ ಜೀವ ಬಾಯಿಗೆ ಬಂತು. ಕಟ್ಟಿದ ಮರಳುಗಾಡು ಚರಂಡಿ ಪಾಲು! ಗಡಬಡಿಸಿ ಕೆದರಿ, ಸರದಾರನ ಪರವಾಗಿ ತಾನೇ ಹೂತಿಟ್ಟ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಒಂಟೆಯನ್ನು ಎತ್ತಿ ಹಿಡಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾರ್ವತಿಬಾಯಿಯ ಮುಖ ಹಿಂಡಿದ ಬಟ್ಟೆಯಂತಾಯಿತು.

ತಮಾಷೆ ಇಷ್ಟಕ್ಕೇ ಮುಗಿಯಿತಲ್ಲ ಎಂಬ ಬೇಸರಕ್ಕೆ ಅಕ್ಬರಿ ಖಾಲಾ ಉಸುಕಿನ ಬಾವಿಯ ಬದಿಗೆ ಒಮ್ಮೆ ಬೆರಳಾಡಿಸಿದಳು. ಬಂಗಾರ ಫಳಕ್ಕೆಂದಿತು.

ಎಲ್ಲರ ಕಣ್ಣೂ ಸ್ನೇಹಲ್ ಮೇಲೆ.

ಅಷ್ಟರಲ್ಲಿ ಮಹಾರುದ್ರಪ್ಪ ಜೋರಾಗಿ ಕೆಮ್ಮಿದ. "ಏನ್ ಹಂಗ ನೋಡತೀರಿ? ಕದ್ದವ ಯಾರರ ಬರದು ಹೇಳ್ತಾನೇನು? ಹುಮನಾಬಾದಿನಾಗ ಕುಂತು ಕಲ್ಯಾಣದ ಬಂಗಾರ ತೋರಿಸ್ಯಾನ! ಆ ಹುಡುಗ ಸಾಮಾನ್ಯ ಅಲ್ಲ!"

ಗುಂಪಿನಲ್ಲಿದ್ದ ಇಬ್ಬರು ಅಲ್ಲಿಯೇ ಕೈ ಮುಗಿದರು. ಜನ ಇಳಿಯುವಾಗ ಮುದುಕ ಮಹಾರುದ್ರಪ್ಪ ಸ್ನೇಹಲ್‌ಳ ಕಿವಿಯಲ್ಲಿ ಪಿಸುಗುಟ್ಟಿದ: "ತಂಗಿ, ನಿಮ್ಮ ಪಾರ್ವತಿ ಆಯಿಗೆ ಹೇಳಬ್ಯಾಡ. ನೀವಿಲ್ಲದಾಗ ನಾನೇ ಬಂದು ಆಟದ ತೋಪು ಹಚ್ಚತಿರತೀನಿ, ಒಂಟಿ ಆವಾಗೇ ಬಿದ್ದಿರಬೇಕು. ನಿಮ್ಮ ಕರ್ನಲ್‌ಗ ಬಾವಿ ಕಾಯಾಕ ಬರೂದಿಲ್ಲ."

"ಅದಕ್ಕ ನಾ ಸೋಲಾಕತ್ತೇನಿ!" ಎಂದಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಮೀನಾಜ್. ಸ್ನೇಹಲ್‌ಗೆ ನಗು ತಡೆಯಲಾಗಲಿಲ್ಲ.

ಕಾಳಗ ಮಾತ್ರ ನಡೆಯಲಿಲ್ಲ. ಸಂಜೆಗೆ ಮೆಟ್ಟಿಲ ತುಂಬ ಜನ. ಒಬ್ಬರ ಬೀಗದ ಕೈ ಕಳೆದಿತ್ತು, ಒಬ್ಬರ ಮೂಗುತಿ. ಎಲ್ಲರಿಗಿಂತ ಮುಂದೆ ಅಕ್ಬರಿ ಖಾಲಾ, ಮರಳುಗಾಡಿನ ಮೇಲೆಯೇ ಚಕ್ಕಳಬಕ್ಕಳ ಹಾಕಿ ಕೂತಿದ್ದಳು. "ನನ್ನ ಕರಿ ಕೋಳಿ ಎಲ್ಲಿ ಹೋತು, ಆ ಹುಡುಗಗ ಬರದು ಕೇಳವ್ವ."

ಬೇರೆ ದಾರಿ ಕಾಣದೆ ಸ್ನೇಹಲ್ ಪೆನ್ನು ಹಿಡಿದಳು:

"ಸರದಾರರಿಗೆ ಸಲಾಮು. ಯುದ್ಧ ನಿಂತಿದೆ. ಖಾಲಾಳ ಕೋಳಿ ಎಲ್ಲಿದೆ, ಜಲ್ದಿ ತಿಳಿಸಿರಿ. ಕೋಳಿ ಎಂದರೆ ಕೋಳಿಯೇ."