ನಮ್ಮ ಭಾವನ ತಲೆಯ ವಿಚಾರ

ನಮ್ಮ ಭಾವನ ತಲೆ ಸರಿಯಿಲ್ಲ ಎಂಬುದು ಮದುವೆಯ ಮಾತುಕತೆಯ ದಿನದಿಂದಲೇ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅದನ್ನು ಕಪ್ಪುಬಿಳುಪು ಫಿಲ್ಮಿನಲ್ಲಿ, ಬೆಳಕಿಗೆ ಹಿಡಿದು, ಇಲ್ಲಿ ನೋಡಿ ಎಂದು ಬೆರಳಿಟ್ಟು ತೋರಿಸುವ ಯೋಗ ಬಂದದ್ದು ಇಪ್ಪತ್ತೆರಡು ವರ್ಷಗಳ ನಂತರ! ಕಲ್ಯಾಣದ ಆಸ್ಪತ್ರೆಯೊಂದರ ಡಾಕ್ಟರು ಆ ಫಿಲ್ಮನ್ನು ನಮ್ಮ ಮುಂದೆ ಹಿಡಿದು, "ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿದೆ, ಸ್ವಲ್ಪ ರಕ್ತಸ್ರಾವವೂ ಆಗಿದೆ" ಎಂದಾಗ ನನ್ನ ಅಕ್ಕ ಕಣ್ಣು ಕಿರಿದು ಮಾಡಿ ನೋಡಿ, "ಇದು ಹೊಸದೋ, ಮೊದಲಿನಿಂದಲೇ ಇದ್ದದ್ದೋ ಡಾಕ್ಟರೇ?" ಎಂದು ಕೇಳಿಬಿಟ್ಟಳು. ಕೇಳಿದವಳೇ ನನ್ನ ಭುಜಕ್ಕೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಅಕ್ಕನ ಪ್ರಶ್ನೆಯಲ್ಲಿ ತಪ್ಪೇನಿತ್ತು ಹೇಳಿ? ಭಾವ ಧಾರವಾಡದ ಕಡೆಯವರು. ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರು. ಅಂದರೆ ತಪ್ಪು ಹುಡುಕುವುದಕ್ಕೇ ಸಂಬಳ! ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಬಿಟ್ಟಿಯಾಗಿ ಮುಂದುವರಿಸುತ್ತಿದ್ದರು. ನಾವು ಅಕ್ಕತಂಗಿಯರು ಮೈಸೂರಿನವರು. ನಾನು ಮದುವೆಯಾಗಿ ಡೊಂಬಿವಲಿಗೆ ಬಂದು, ಬೇಲಾಪುರದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕಭಾವನನ್ನು ಊಟಕ್ಕೆ ಕರೆದಿದ್ದೆ. ಭಾವ ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದು ನನ್ನ ಇಡ್ಲಿಗಳನ್ನು ಒಂದೊಂದಾಗಿ ಅಳೆದು, "ಒಂದಕ್ಕೊಂದು ಮೂರು ಮಿಲಿಮೀಟರ್ ಫರಕ್ ಐತಿ. ಇಡೀ ಲಾಟ್ ರಿಜೆಕ್ಟ್!" ಎಂದರು. ಆಮೇಲೆ ಆ ತಿರಸ್ಕೃತ ಲಾಟಿನಿಂದ ಎಂಟು ಇಡ್ಲಿ ತಿಂದರು.

ಇಂಥ ಅಳತೆಯ ಮನುಷ್ಯನಿಗೆ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಏನು ಹೊಕ್ಕಿತೋ, ಕುದುರೆಯಷ್ಟು ಎತ್ತರದ ಒಂದು ಹಳೆಯ ಮೋಟರ್‌ಸೈಕಲ್ಲು ಮನೆಗೆ ಬಂತು. ಅದು ಗುಡ್ಡ, ಹಳ್ಳ, ಕೆಸರಿನಲ್ಲಿ ಓಡಿಸುವ ಗಾಡಿಯಂತೆ. ಭಾನುವಾರವಾದರೆ ಸಾಕು, ತಮ್ಮ ಅರ್ಧ ವಯಸ್ಸಿನ ಸಹೋದ್ಯೋಗಿಗಳ ಗುಂಪು ಕಟ್ಟಿಕೊಂಡು ಹೊರಟುಬಿಡುತ್ತಿದ್ದರು.

"ರಸ್ತೆ ಇದ್ದಲ್ಲೆ ಯಾರ್ ಬೇಕಾದವ್ರು ಗಾಡಿ ಹೊಡೀತಾರ. ರಸ್ತೆ ಇಲ್ಲದಲ್ಲೆ ಹೊಡೀಬೇಕು, ಅದರಾಗ ಐತಿ ಮಜಾ!" ಎನ್ನುವುದು ಅವರ ವಾದ.

"ಅದಕ್ಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು? ನಮ್ಮ ಬಿಲ್ಡಿಂಗ್ ಮುಂದೇನೇ ಓಡಿಸಿ" ಎಂದಳು ಅಕ್ಕ. ಅವರ ಬಿಲ್ಡಿಂಗಿನ ಮುಂದಿನ ರಸ್ತೆ ನೋಡಿದವರು ಯಾರೂ ಈ ಸಲಹೆಯನ್ನು ತಮಾಷೆ ಎನ್ನಲಾರರು.

ಮೊದಲ ಮಳೆ ಬಿದ್ದ ಮರುವಾರ, ಕಲ್ಯಾಣ ದಾಟಿ ಮುರಬಾಡದ ಕಡೆಯ ಒಂದು ಗುಡ್ಡದ ಬುಡದಲ್ಲಿ ಆಗಬಾರದ್ದು ಆಯಿತು. ಎತ್ತಿನ ಗಾಡಿಯ ದಾರಿಯಲ್ಲಿ ಮುಂದಿನ ಚಕ್ರ ಕೆಸರಿನಲ್ಲಿ ಹೂತು, ಮೋಟರ್‌ಸೈಕಲ್ಲು ಅಲ್ಲೇ ನಿಂತು, ಭಾವ ಮಾತ್ರ ಪ್ರಯಾಣ ಮುಂದುವರಿಸಿದರು. ಗದ್ದೆಯ ಬದುವಿನ ಕಲ್ಲಿಗೆ ತಲೆ ಬಡಿಯಿತು. ಜೊತೆಗಿದ್ದವರು ಗಾಬರಿಯಾಗಿ ಫೋನಿನ ಸಿಗ್ನಲ್ ಹುಡುಕುತ್ತ, ಜೀಪು ತರಲು ದಿಕ್ಕಿಗೊಬ್ಬರಂತೆ ಓಡಿದರು. ಸಸಿಮಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಜ್ಜಿ ಬಂದು, ಭಾವನ ತಲೆ ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮಳೆಯಲ್ಲೇ ಕೂತಳಂತೆ. ಜೀಪು ಬರಲು ಒಂದು ಗಂಟೆ ಹಿಡಿಯಿತು. ಒಂದು ಗಂಟೆಯೂ ಆಕೆ ಕೈ ತೆಗೆಯಲಿಲ್ಲವಂತೆ. "ಹೆಲ್ಮೆಟ್ ಇಲ್ಲದಿದ್ದರೆ ಈ ಫಿಲ್ಮ್ ತೆಗೆಯುವ ಅಗತ್ಯವೇ ಬೀಳುತ್ತಿರಲಿಲ್ಲ" ಎಂದರು ಡಾಕ್ಟರು. ಅದರ ಅರ್ಥ ತಿಳಿಯಲು ನನಗೆ ಒಂದು ನಿಮಿಷ ಬೇಕಾಯಿತು.

ನಾಲ್ಕು ದಿನ ಭಾವ ಕಣ್ಣು ಬಿಡಲಿಲ್ಲ. ಐದನೆಯ ದಿನ ಬಿಟ್ಟರು. ಬಿಟ್ಟರೆ ಏನಾಶ್ಚರ್ಯ, ಇಪ್ಪತ್ತೈದು ವರ್ಷ ಆಡಿದ ಮರಾಠಿ, ಹಿಂದಿ ಎರಡೂ ಮಾಯ! ಧಾರವಾಡದ ಕನ್ನಡ ಒಂದು ಬಿಟ್ಟು ಬೇರೇನೂ ಬಾಯಿಗೆ ಬರುತ್ತಿಲ್ಲ.

ಡಾಕ್ಟರು ಬಗ್ಗಿ ಕೇಳಿದರು: "ತುಮ್ಚಂ ನಾವ್ ಕಾಯ್?"

ಭಾವ ಅವರನ್ನು ಮೇಲಿಂದ ಕೆಳಗೆ ನೋಡಿ, "ಮೊದಲ ನಿಮ್ಮ ಹೆಸರು ಹೇಳ್ರಿ. ಗೇಟ್ ಪಾಸ್ ಎಲ್ಲೈತಿ? ಯಾರು ಒಳಗ ಬಿಟ್ರು ನಿಮ್ಮನ್ನ?" ಎಂದರು.

ಡಾಕ್ಟರು ನನ್ನ ಕಡೆ ತಿರುಗಿ, ಏನು ಹೇಳಿದರು ಎಂದು ಕೇಳಿದರು. ನಾನು, "ನಿಮ್ಮನ್ನು ಪರಿಚಯ ಮಾಡಿಕೊಳ್ಳಬೇಕಂತೆ" ಎಂದು ಮರಾಠಿಯಲ್ಲಿ ಅನುವಾದಿಸಿದೆ. ಆಮೇಲೆ ಡಾಕ್ಟರು ಅಕ್ಕನತ್ತ ಕೈ ತೋರಿಸಿದರು. ಇವರು ಯಾರು? ಭಾವ ಬಹಳ ಹೊತ್ತು ನೋಡಿದರು. ಅಕ್ಕ ಸೆರಗು ಸರಿಮಾಡಿಕೊಂಡು ಅವರ ಕಣ್ಣೆದುರಿಗೆ ಬಂದು ನಿಂತಳು.

"ಇವ್ರು... ನನ್ನ ಮ್ಯಾಲಿನ ಸಾಹೇಬ್ರು" ಎಂದರು ಭಾವ.

"ನೆನಪು ಸರಿಯಾಗೇ ಇದೆ ಬಿಡಿ ಡಾಕ್ಟರೇ!" ಎಂದಳು ಅಕ್ಕ, ನಗುತ್ತ, ಅಳುತ್ತ.

ಮರಾಠಿಯೂ ಹಿಂದಿಯೂ ಹತ್ತು ದಿನದಲ್ಲಿ ಒಂದೊಂದೇ ಮಾತಾಗಿ ಮರಳಿದವು. ಮನೆಗೆ ಕರೆತಂದೆವು. ಆಗ ಶುರುವಾಯಿತು ನೋಡಿ ನಿಜವಾದ ಕಥೆ! ಮೆದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದರೆ ಮಾತಿಗೆ ಬ್ರೇಕು ಇರುವುದಿಲ್ಲ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಾವು ಅದನ್ನು ಲಘುವಾಗಿ ತೆಗೆದುಕೊಂಡಿದ್ದೆವು. ನೋಡಲು ಬಂದ ದೂರದ ನೆಂಟರೊಬ್ಬರು ಹಾಸಿಗೆಯ ಪಕ್ಕ ಕೂತು, "ಹೇಗಿದ್ದೀರಿ?" ಎಂದು ಕೇಳಿದ್ದೇ ತಡ, ಭಾವ ಪ್ರಸನ್ನವದನರಾಗಿ ಹೇಳಿದರು:

"ಆರಾಮ ಅದೀನ್ರಿ. ಹಿಂದಕ ನೀವು ಬಂದಾಗೆಲ್ಲ ನಾ ಒಳಗ ಹೋಗಿ ಮಲಗಿದಂಗ ನಾಟಕ ಮಾಡ್ತಿದ್ದೆ. ಈ ಸಲ ಖರೇನ ಮಲಗೀನಿ. ನಾಟಕ ಮಾಡೂ ತ್ರಾಸಿಲ್ಲ."

ನೆಂಟರು ಚಹಾ ಕುಡಿಯದೆ ಎದ್ದರು. ನಾನು ಬಾಯಿಗೆ ಸೆರಗು ಹಿಡಿದು ಅಡುಗೆಮನೆಗೆ ಓಡಿದೆ. ನನ್ನ ನಗು ಬಹಳ ದಿನ ಉಳಿಯಲಿಲ್ಲ. ಗೌರಿಹಬ್ಬದ ದಿನ, ಪ್ರತಿವರ್ಷದಂತೆ ನಾನು ಅಕ್ಕನ ಮನೆಯಲ್ಲಿ ಶ್ರುತಿ ಹಿಡಿದು ದೇವರ ಮುಂದೆ ಕೂತೆ. ಇನ್ನೂ ಒಂದು ಸಾಲು ಮುಗಿದಿಲ್ಲ, ಒಳಕೋಣೆಯಿಂದ ದನಿ ಬಂತು: "ಏ, ನೀ ಹಾಡೂದು ನಂಗ ಎಂದೂ ಸೇರಿಲ್ಲ ನೋಡವಾ. ಇಪ್ಪತ್ತು ವರ್ಷದಿಂದ ಹೇಳಬೇಕಂತಿದ್ದೆ."

"ರೀ! ಸುಮ್ನಿರಿ!" ಎಂದು ಅಕ್ಕ ಗದರಿದಳು.

"ಯಾಕ ಸುಮ್ಮನಿರ್ಲಿ? ನೀನೂ ಹಂಗ ಅಂತಿದ್ದೆಲ್ಲ!"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಗೌರಿಯ ಮುಖ ನೋಡಿದಳು. ಆ ವರ್ಷದ ಆರತಿ ಹಾಡಿಲ್ಲದೆ ಮುಗಿಯಿತು.

ಹೀಗೆ ಬರೆಯುತ್ತಾ ಹೋದರೆ ಎಲ್ಲವೂ ನಗೆಯಾಟದಂತೆ ಕಾಣುತ್ತದೆ. ಹಾಗೇನೂ ಇರಲಿಲ್ಲ. ಕುಕ್ಕರಿನ ಸಿಳ್ಳೆ ಕೇಳಿದರೆ ಭಾವ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಅಕ್ಕ ಕುಕ್ಕರನ್ನು ಅಟ್ಟಕ್ಕೆ ಹಾಕಿ, ಪಾತ್ರೆಯಲ್ಲೇ ಬೇಳೆ ಬೇಯಿಸತೊಡಗಿದಳು. ಇವತ್ತು ಯಾವ ವಾರ ಎಂದು ಒಂದೇ ಬೆಳಿಗ್ಗೆ ಏಳು ಸಲ ಕೇಳುತ್ತಿದ್ದರು. ಏಳು ಸಲವೂ ಅವಳು ಅದೇ ದನಿಯಲ್ಲಿ ಉತ್ತರಿಸುತ್ತಿದ್ದಳು. ಒಂದು ದಿನ ಕಪಾಟಿನ ಮುಂದೆ ನಿಂತು, ಬೆರಳನ್ನು ಕೊಕ್ಕಿನಂತೆ ತೆರೆದು ಮುಚ್ಚಿ, "ಅದ... ಕಪ್ಪಿ ಬಾಯಿ ಇದ್ದಂಗ ಇರ್ತದಲ್ಲ, ಅದು, ಅದು..." ಎಂದು ಬೆವರುತ್ತಿದ್ದರು. ಮೂವತ್ತು ವರ್ಷ ಕೈಯಲ್ಲಿ ಹಿಡಿದ ಕ್ಯಾಲಿಪರಿನ ಹೆಸರು ಸಿಗುತ್ತಿರಲಿಲ್ಲ. ನಾನು ಹೇಳಹೊರಟೆ. ಅಕ್ಕ ನನ್ನ ಕೈ ಅದುಮಿದಳು. ಹತ್ತು ನಿಮಿಷದ ಮೇಲೆ ಅವರೇ ಹೇಳಿದರು, ಪರೀಕ್ಷೆ ಪಾಸಾದವರಂತೆ.

ಇದೆಲ್ಲಕ್ಕಿಂತ ಅಕ್ಕನಿಗೆ ತಾಳಲಾಗದೆ ಹೋದದ್ದು ಇನ್ನೊಂದು. ಭಾವನ ಮೂಗು ಸತ್ತುಹೋಗಿತ್ತು! ವಾಸನೆಯ ನರಕ್ಕೂ ಪೆಟ್ಟಾಗಿದೆ, ಮರಳಿದರೂ ಮರಳಬಹುದು, ಇಲ್ಲದಿದ್ದರೂ ಇಲ್ಲ ಎಂದಿದ್ದರು ಡಾಕ್ಟರು. ಹಾಲು ಉಕ್ಕಿ ತಳ ಹಿಡಿದು ಹೊಗೆ ಬರುತ್ತಿದ್ದರೆ ಪಕ್ಕದಲ್ಲೇ ಕೂತು ನೆಮ್ಮದಿಯಾಗಿ ಪೇಪರು ಓದುತ್ತಿದ್ದರು. ಅದಾದರೂ ಹೋಗಲಿ. ಊಟಕ್ಕೆ ಕೂತರೆ ಒಂದು ತಪ್ಪನ್ನೂ ಹೇಳುತ್ತಿರಲಿಲ್ಲ! ಸಾರಿನಲ್ಲಿ ಇಂಗು ಒಂದು ಚಿಟಿಕೆ ಹೆಚ್ಚಾದರೆ ಕಟಕಟೆ ಹತ್ತಿಸುತ್ತಿದ್ದ ಮನುಷ್ಯ! ಒಮ್ಮೆ ಅಕ್ಕ ಬೇಕೆಂದೇ ಇಂಗು, ಕರಿಬೇವು, ಒಗ್ಗರಣೆ ಯಾವುದೂ ಇಲ್ಲದ ಸಾರು ಬಡಿಸಿ ಎದುರಿಗೆ ಕೂತಳು.

"ಹೇಗಿದೆ?"

"ಚೊಲೋ ಆಗೈತಿ."

"ಏನೂ ಕಮ್ಮಿ ಇಲ್ವಾ? ಸರಿಯಾಗಿ ನೋಡಿ."

"ಇಲ್ಲ. ಬಾಳ ಚೊಲೋ ಆಗೈತಿ."

ಆ ರಾತ್ರಿ ಅಕ್ಕ ನನಗೆ ಫೋನು ಮಾಡಿ, "ಹೊಗಳಿಬಿಟ್ರು ಕಣೇ" ಎಂದು ಅತ್ತಳು. ಗಂಡ ಅಡುಗೆ ಹೊಗಳಿದ್ದಕ್ಕೆ ಅತ್ತ ಹೆಂಗಸು ಠಾಣೆ ಜಿಲ್ಲೆಯಲ್ಲಿ ಇನ್ನೊಬ್ಬಳಿದ್ದರೆ ತಿಳಿಸಿ.

ಡಾಕ್ಟರು ಮೂಗಿಗೆ ವ್ಯಾಯಾಮ ಹೇಳಿದರು. ಏಲಕ್ಕಿ, ಲವಂಗ, ಕಾಫಿಪುಡಿ, ನಿಂಬೆಸಿಪ್ಪೆ, ನಾಲ್ಕು ಡಬ್ಬಿ. ದಿನಕ್ಕೆರಡು ಸಲ ಮೂಸಬೇಕು. ಭಾವ ಕೆಲಸದ ಪದ್ಧತಿಯಂತೆ ತಪಾಸಣೆಯ ತಖ್ತೆ ಮಾಡಿ ಗೋಡೆಗೆ ಅಂಟಿಸಿದರು. ಪ್ರತಿದಿನ ನಾಲ್ಕೂ ಡಬ್ಬಿಯ ಮುಂದೆ "ಫೇಲ್". ಡಬ್ಬಿ ಫೇಲೋ, ಮೂಗು ಫೇಲೋ? ಇನ್ಸ್‌ಪೆಕ್ಟರು ತಮ್ಮ ಉಪಕರಣದ ಮೇಲೆ ಎಂದಾದರೂ ದೋಷ ಹೊರಿಸುತ್ತಾರೆಯೇ?

ಐದು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಭಾವನನ್ನು ಡೊಂಬಿವಲಿಯ ನಮ್ಮ ಮನೆಗೆ ಕರೆದುಕೊಂಡು ಹೊರಟೆ. ಗದ್ದಲ ಅವರಿಗೆ ಆಗದೆಂದು ಠಾಣೆಯಲ್ಲಿ ಲೋಕಲ್ ರೈಲಿನ ಖಾಲಿ ಕಂಡ ಡಬ್ಬಿಗೆ ಹತ್ತಿಸಿದೆ. ಹತ್ತಿದ ಮೇಲೆ ನೋಡಿದರೆ ಅದು ಮಾರುವವರ ಲಗೇಜ್ ಡಬ್ಬಿ! ಮೂಲೆಯಲ್ಲಿ ಮೀನು ಮಾರುವ ಹೆಂಗಸೊಬ್ಬಳು ಒಣಮೀನಿನ ಬುಟ್ಟಿ ಇಟ್ಟುಕೊಂಡು ತೂಕಡಿಸುತ್ತಿದ್ದಳು. ನಾನು ಮೂಗಿಗೆ ಕರವಸ್ತ್ರ ಹಿಡಿದೆ. ರೈಲು ಕಳವಾ ದಾಟಿ ಮುಂಬ್ರಾ ಸಮೀಪಿಸುತ್ತಿತ್ತು. ಭಾವ ಇದ್ದಕ್ಕಿದ್ದಂತೆ ಎದ್ದು ನಿಂತರು. ಮೂಗಿನ ಹೊಳ್ಳೆ ಅರಳಿತ್ತು.

"ವಾಸ್ ಯೇತೋಯ್!" ಎಂದು ಕೂಗಿದರು. "ವಾಸನಿ ಬರಾಕತ್ತೈತಿ! ಏ, ನಾರಾಕತ್ತೈತಿ!"

ಪಕ್ಕದಲ್ಲಿ ನಿಂತಿದ್ದ ತರಕಾರಿ ಮಾರುವವನು ಮೆಲ್ಲಗೆ ತನ್ನ ಕಂಕುಳನ್ನು ಮೂಸಿ ನೋಡಿಕೊಂಡು ದೂರ ಸರಿದ. ಭಾವ ಅತ್ತ ಗಮನವನ್ನೇ ಕೊಡದೆ ಹೋಗಿ ಬುಟ್ಟಿಯ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದರು. ಹೂವಿನ ಬುಟ್ಟಿಗೂ ಯಾರೂ ಅಷ್ಟು ಭಕ್ತಿಯಿಂದ ಬಗ್ಗಿರಲಾರರು. ಮೀನಿನವಳು ಎಚ್ಚೆತ್ತು ಗದರಿದಳು: "ಘ್ಯಾಯ್ಚಂ ಅಸೇಲ್ ತರ್ ಘ್ಯಾ! ನುಸ್ತಾ ವಾಸ್ ಕಾಯ್ ಘೇತಾ?" ಕೊಳ್ಳುವುದಾದರೆ ಕೊಳ್ಳಿ, ಬರಿದೇ ಮೂಸುತ್ತೀರೇಕೆ ಎಂಬ ಮಾತು ನ್ಯಾಯವಾಗಿಯೇ ಇತ್ತು. ತಲೆತಲಾಂತರದಿಂದ ಮೊಟ್ಟೆ ಮುಟ್ಟದ ಮನೆತನದ ನಮ್ಮ ಭಾವ ಒಣಮೀನಿನ ಒಂದು ಕಟ್ಟು ಕೊಂಡರು.

ಅದನ್ನು ನಾನು ನನ್ನ ಮನೆಯ ಹೊಸ್ತಿಲು ದಾಟಿಸಲಿಲ್ಲ. ಆದರೆ ಅಕ್ಕ? ಈರುಳ್ಳಿಯನ್ನೂ ಸೋಮವಾರ ಮುಟ್ಟದ ನನ್ನ ಅಕ್ಕ, ಆ ಕಟ್ಟನ್ನು ಬಾಲ್ಕನಿಯಲ್ಲಿ ದಾರ ಕಟ್ಟಿ ತೂಗುಹಾಕಿದಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಗಂಡನನ್ನು ಅದರ ಮುಂದೆ ನಿಲ್ಲಿಸಿ, "ಬರ್ತಿದೆಯಾ?" ಎಂದು ಕೇಳುತ್ತಿದ್ದಳು. "ಬರಾಕತ್ತೈತಿ" ಎನ್ನುತ್ತಿದ್ದರು. ಮೂರನೆಯ ದಿನ ಮೇಲಿನ ಮನೆಯವರಿಗೂ ಬಂತು. ಐದನೆಯ ದಿನ ಸೊಸೈಟಿಯ ಕಾರ್ಯದರ್ಶಿಗಳೇ ಬಂದರು. ಆರನೆಯ ವಾರ ಊಟದ ನಡುವೆ ಭಾವ ತುತ್ತು ನಿಲ್ಲಿಸಿ, "ಇಂಗು ಜಾಸ್ತಿ ಆಗೈತಿ" ಎಂದರು. ಅಕ್ಕ ಆ ದಿನ ಪಾಯಸ ಮಾಡಿದಳು.

ಎಂಟನೆಯ ತಿಂಗಳಲ್ಲಿ ಅರ್ಧ ದಿನದ ಕೆಲಸಕ್ಕೆ ಹೋಗತೊಡಗಿದರು. ಬಿದ್ದ ದಿನದ ನೆನಪು ಮಾತ್ರ ಬರಲೇ ಇಲ್ಲ. ಬೆಳಿಗ್ಗೆ ಬೂಟು ಕಟ್ಟಿದ್ದು ಗೊತ್ತು, ಆಮೇಲೆ ಆಸ್ಪತ್ರೆಯ ಫ್ಯಾನು ಗೊತ್ತು. ನಡುವಿನದೆಲ್ಲ ಖಾಲಿ.

ವರ್ಷ ತುಂಬಿದ ಮೇಲೆ ಅಕ್ಕ ಒಂದು ದಿನ, "ಆ ಅಜ್ಜಿನ ನೋಡಿ ಬರೋಣ" ಎಂದಳು. ಪೇಢೆಯ ಡಬ್ಬಿ, ಒಂದು ಹಸಿರು ಸೀರೆ ಹಿಡಿದು ಮೂವರೂ ಹೊರಟೆವು. ಗುಡ್ಡದ ಬುಡದಲ್ಲಿ ನಾಲ್ಕೈದು ಮನೆಯ ಪಾಡಾ, ಅಂದರೆ ಪುಟ್ಟ ಹಾಡಿ. ಅಜ್ಜಿ ಅಂಗಳಕ್ಕೆ ಬಂದು, ಭಾವನ ತಲೆಯನ್ನು ಸಂತೆಯಲ್ಲಿ ಕುಂಬಳಕಾಯಿ ನೋಡುವಂತೆ ಆಚೀಚೆ ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿದಳು. ಪಾಸಾಯಿತೆಂದು ಕಾಣುತ್ತದೆ, ಬಾಯ್ತುಂಬ ನಕ್ಕಳು. ಭಾವ ಬಾವಿಯ ರಾಟೆಯ ಕಿರುಗುಟ್ಟುವಿಕೆ ಕೇಳಿ, ಅದರ ತಪ್ಪು ಹುಡುಕಲು ಅತ್ತ ಹೋದರು.

ಅಜ್ಜಿ ಅಕ್ಕನ ಕೈ ಹಿಡಿದು ಮರಾಠಿಯಲ್ಲಿ ಕೇಳಿದಳು: "ಕೊನೆಗೆ ಇವನು ಆ ಊರಿಗೆ ಹೋಗಿ ಮುಟ್ಟಿದನೇನು?"

"ಯಾವ ಊರು ಅಜ್ಜೀ?"

"ಅದೇ, ಹೇಳಬ್ಯಾಡಿ. ಇಡೀ ಹೊತ್ತು ನನ್ನ ಕೈಯಲ್ಲಿ ತಲೆಯಿಟ್ಟು ಅದನ್ನೇ ಹೇಳ್ತಿದ್ದ. ಊರು ಹೇಳಬ್ಯಾಡಿ, ತಾಲೂಕು ಅಂಜತಾಳ. ಜೀಪಿನವನನ್ನು ಕೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಕೇಳಿಸಿದೆ. ಅಂಥ ಊರು ಯಾರಿಗೂ ಗೊತ್ತಿಲ್ಲ. ಪಾಪ, ಎಷ್ಟು ಬೇಡಿಕೊಂಡ! ಆಕೀಗೆ ಹೇಳಬ್ಯಾಡೀ, ಅಂಜತಾಳ... ಆಕೀಗೆ ಹೇಳಬ್ಯಾಡೀ, ಅಂಜತಾಳ..."

ಒಂದು ವರ್ಷ ಆ ಅಜ್ಜಿ ಅರ್ಥ ಗೊತ್ತಿಲ್ಲದ ಆ ಸದ್ದುಗಳನ್ನು ಹಾಗೇ ಜೋಪಾನ ಮಾಡಿದ್ದಳು. ಆಕೆಗೆ ಹೇಳಬೇಡಿ, ಹೆದರುತ್ತಾಳೆ. ತಲೆಯೊಳಗೆ ರಕ್ತ ಇಳಿಯುತ್ತಿದ್ದಾಗ, ಎರಡು ಭಾಷೆಗಳು ಅಳಿಸಿಹೋಗಿದ್ದಾಗ, ತನ್ನ ಹೆಸರೂ ತನಗೆ ತಿಳಿಯದಿದ್ದಾಗ ನಮ್ಮ ಭಾವನಲ್ಲಿ ಉಳಿದದ್ದು ಅಷ್ಟೇ ಮಾತು.

ನಾನು ಅಕ್ಕನತ್ತ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಬಾವಿಯ ಕಡೆಯಿಂದ ಭಾವ ಕೂಗಿದರು, "ಏನಂತಾಳ ಅಜ್ಜಿ?"

"ಏನಿಲ್ಲ, ಬಿಸಿಲಲ್ಲಿ ನಿಲ್ಬೇಡಿ, ನೆರಳಿಗೆ ಬನ್ನಿ" ಎಂದಳು ಅಕ್ಕ. ಆಮೇಲೆ ಅಜ್ಜಿಯ ಎರಡೂ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡು, ಮರಾಠಿಯಲ್ಲಿ, ಮೆಲ್ಲಗೆ ಹೇಳಿದಳು: "ಮುಟ್ಟಿದರು ಅಜ್ಜೀ. ಆ ಊರಿಗೆ ಬಂದು ಮುಟ್ಟಿದರು."