ಹನ್ನೆರಡನೇ ಕೊಠಡಿಯಲ್ಲಿ ಪತ್ತೆಯಾಗದ ಲೇಖಕಿ

ವಿಶ್ವವಿದ್ಯಾಲಯ ಗ್ರಂಥಾಲಯದ ಡಿಜಿಟಲೀಕರಣ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಹಳೆಯ ಪ್ರಬಂಧಗಳ ಧೂಳು ಕೊಡವಿ, ಕೇಳಿದವರಿಗೆ ಕಂಪ್ಯೂಟರಿನಲ್ಲಿ ಓದಲು ಒದಗಿಸುವ ತಮಗೂ, ನಾನು ಕಳೆದ ವಾರ ಬಂದಾಗ ಕಂಡ ತಮ್ಮ ಸ್ಕ್ಯಾನರಿಗೂ, ಅದಕ್ಕೆ ಹೊದಿಸಿರುವ ಹೂವಿನ ಬಟ್ಟೆಗೂ ನಮ್ಮ ಮನೆಯವರೆಲ್ಲರ ನಮಸ್ಕಾರಗಳು.

ನನ್ನ ತಾಯಿ ತಮ್ಮಲ್ಲಿಯೇ ಪಿಎಚ್.ಡಿ. ಮಾಡಿದವರು; ದಾರಿ ಅಳಿಸಿಹೋದರೂ ಇರುವೆ ಗೂಡಿಗೆ ಮರಳುವುದು ಹೇಗೆ ಎಂಬುದು ಅವರ ವಿಷಯ. ಅವರ ಬಳಿಯಿದ್ದ ಪ್ರತಿಯನ್ನು ಶಿಷ್ಯೆಯೊಬ್ಬಳು ಓದಲು ಒಯ್ದಳು. ಅದು ಮಾತ್ರ ಮರಳಲಿಲ್ಲ. ಈಗ ಅವರ ಕಣ್ಣು ಮಂಜಾಗುತ್ತಿದೆ. ಪರದೆಯ ಮೇಲೆ ಅಕ್ಷರಗಳನ್ನು ಹಿಗ್ಗಿಸಿಕೊಂಡರೆ ಈ ವರ್ಷ ಓದಬಹುದು, ಮುಂದಿನ ವರ್ಷದ ಭರವಸೆ ಕೊಡಲಾರೆ ಎಂದು ಕಣ್ಣಿನ ವೈದ್ಯರು ಹೇಳಿದ ಮೇಲೆ, ಅಮ್ಮ ಗ್ರಂಥಾಲಯದಲ್ಲಿರುವ ಆ ಪ್ರಬಂಧದ ಪ್ರತಿಯನ್ನು ಸ್ಕ್ಯಾನ್ ಮಾಡಿಕೊಡಿರೆಂದು ಸ್ವತಃ ಸಹಿ ಹಾಕಿ ತಮ್ಮನ್ನು ಕೋರಿದರು.

ಲೇಖಕರ ಅನುಮತಿಯಿಲ್ಲದೆ ಪುಟ ತೆರೆಯುವುದಿಲ್ಲ ಎಂದು ತಾವು ಉತ್ತರಿಸಿದಿರಿ. ಇಂಥ ನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೇಳುತ್ತಿರುವವರೇ ಲೇಖಕಿ ಎಂಬ ಸಣ್ಣ ಸಂಗತಿಗೆ ಮರುಳಾಗದೆ, ಅನುಮತಿ ಕೋರುವ ಪತ್ರವನ್ನು ನಿಯಮದಂತೆ ಪ್ರಬಂಧದ ಮೊದಲ ಪುಟದಲ್ಲಿರುವ ವಿಳಾಸಕ್ಕೇ ಕಳುಹಿಸಿದಿರಿ: ಮಹಿಳಾ ವಿದ್ಯಾರ್ಥಿನಿಲಯ, ಕೊಠಡಿ ಹನ್ನೆರಡು. ಆ ವಿದ್ಯಾರ್ಥಿನಿಲಯ ಎಂದೋ ಮುಚ್ಚಿ, ಕಟ್ಟಡ ಗ್ರಂಥಾಲಯಕ್ಕೆ ಸೇರಿ, ಹನ್ನೆರಡನೇ ಕೊಠಡಿಯಲ್ಲಿ ಈಗ ತಮ್ಮ ವಿಭಾಗವೇ ಇರುವುದರಿಂದ ಪತ್ರ ನೇರವಾಗಿ ತಮ್ಮ ಮೇಜಿಗೆ ಬಂತು. ತಾವು ಅದರ ಮೇಲೆ ‘ಈ ಹೆಸರಿನವರು ಇಲ್ಲಿಲ್ಲ’ ಎಂದು ಷರಾ ಬರೆದು ತಮಗೇ ಹಿಂತಿರುಗಿಸಿಕೊಂಡಿರಿ. ಲೇಖಕಿ ಪತ್ತೆಯಾಗದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ ಎಂಬ ಪತ್ರ ಮಾತ್ರ ಎಲ್ಲೂ ದಾರಿ ತಪ್ಪದೆ ಲೇಖಕಿಯ ಕೈಸೇರಿತು.

ಅದನ್ನು ಓದಿ ಹೇಳಿದಾಗ ಅಮ್ಮ, “ಪಾಪ, ಎಷ್ಟು ಹುಡುಕಿದಾರೆ ನೋಡು. ನಾನೇ ಹೋಗಿ ಆ ರೂಮಲ್ಲಿ ಕೂತ್ಕೋತೀನಿ ಬಿಡು,” ಎಂದರು.

ಆದ್ದರಿಂದ ಬರುವ ಸೋಮವಾರ ಅವರು ತಮ್ಮ ಕೊಠಡಿಯಲ್ಲಿ ಹಾಜರಿರುತ್ತಾರೆ. ಅವರ ಮಂಚವಿದ್ದ ಜಾಗದಲ್ಲಿ, ಅಂದರೆ ಸ್ಕ್ಯಾನರಿನ ಪಕ್ಕದಲ್ಲಿ, ಒಂದು ಕುರ್ಚಿ ಹಾಕಿಸಿ, ಅನುಮತಿ ಕೋರುವ ಆ ಪತ್ರವನ್ನು ಅದೇ ವಿಳಾಸಕ್ಕೆ ಇನ್ನೊಮ್ಮೆ ಅಂಚೆಗೆ ಹಾಕುವ ಕೃಪೆ ಮಾಡಬೇಕು. ಅದು ತಲುಪುವ ತನಕ ಅಮ್ಮ ಕುರ್ಚಿ ಬಿಟ್ಟು ಏಳುವವರಲ್ಲ.

ತಮ್ಮ ವಿಶ್ವಾಸಿ,
ಪತ್ತೆಯಾಗದ ಲೇಖಕಿಯ ಮಗಳು

ಬರೆಯಲು ಮರೆತಿದ್ದು: ಎಷ್ಟು ಔಷಧಿ ಹೊಡೆದರೂ ಕಿಟಕಿಯ ಬಿರುಕಿನಿಂದ ಇರುವೆಗಳು ಮತ್ತೆ ಸ್ಕ್ಯಾನರಿನ ಬಳಿಗೇ ಏಕೆ ಬರುತ್ತವೆ ಎಂದು ತಮ್ಮ ಸಹಾಯಕರು ನನ್ನನ್ನು ಕೇಳಿದ್ದರು. ಉತ್ತರ ಪ್ರಬಂಧದ ಮೂರನೇ ಅಧ್ಯಾಯದಲ್ಲಿದೆ. ತೆರೆಯುವ ಮುನ್ನ ಲೇಖಕಿಯ ಅನುಮತಿ ಪಡೆಯಲು ಮರೆಯಬೇಡಿ. ವಿಳಾಸ ತಮಗೆ ಗೊತ್ತೇ ಇದೆ.