ಅರ್ಥಮಿತಿಯೂ ಹತ್ತು ಬಂಗಡೆಯೂ

ದಣಿವಿನಲ್ಲಿ ಬಗೆಗಳಿವೆ. ಬಟ್ಟೆ ಒಗೆದ ದಣಿವು ಮೈಮೇಲೆ ಬಿಸಿನೀರು ಬಿದ್ದರೆ ಇಳಿಯುತ್ತದೆ. ಶಾಲೆಯಲ್ಲಿ ಮಕ್ಕಳ ಬಾಯಿ ಮುಚ್ಚಿಸಿದ ದಣಿವು ರವಿವಾರಕ್ಕೆ ಮುಗಿಯುತ್ತದೆ. ಆದರೆ ಅರ್ಥಮಿತಿ ಓದಿದ ದಣಿವು ಇದೆಯಲ್ಲ, ಅದು ನನ್ನ ಮೊಣಕಾಲು ನೋವಿನ ಹಾಗೆ, ಬಂದದ್ದು ಹೋಗಲೇ ಇಲ್ಲ. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಒಂದೇ ಬೆರಳಿನಲ್ಲಿ ಆ ಕತೆ ಹೇಳಿ ಸ್ವಲ್ಪ ಹಗುರಾಗೋಣ ಅಂದುಕೊಂಡಿದ್ದೇನೆ.

ನಾನು ಕುಮಟಾದಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರಾಗಿದ್ದೆ, ಅಂದರೆ ಟೀಚರು. ಎರಡು ಸಾವಿರದ ಇಸವಿಯ ಆಸುಪಾಸು, ಇದೇ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ವರ್ಷ, ಅಂಚೆ ಮೂಲಕ ಅರ್ಥಶಾಸ್ತ್ರದ ಎಂ.ಎ.ಗೆ ಹೆಸರು ಹಚ್ಚಿದೆ. ಎಲ್ಲ ಪೇಪರೂ ದಾಟಿದವು, ಅರ್ಥಮಿತಿ ಒಂದು ಬಿಟ್ಟು. ಬೆಲೆ, ಕೂಲಿ, ಬೆಳೆ ಎಲ್ಲ ಯಾವ ಕಾರಣಕ್ಕೆ ಎಷ್ಟು ಏರಿಳಿಯುತ್ತವೆ ಎಂದು ಸಮೀಕರಣದಲ್ಲಿ ಹಿಡಿದು ಕೂರಿಸುವ ವಿದ್ಯೆ ಅದು. ಪುಸ್ತಕದ ಪುಟಪುಟದಲ್ಲೂ ‘ಉಳಿದದ್ದೆಲ್ಲ ಇದ್ದ ಹಾಗೇ ಇದ್ದರೆ’ ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬ ಕೂಡ ಇದ್ದಲ್ಲಿ ಇರುವುದಿಲ್ಲ. ನಪಾಸಾದೆ. ನಮ್ಮ ಮನೆಯವರು ಸಮಾಧಾನ ಹೇಳಿದ ಚೆಂದ ನೋಡಿ: “ಹೆಸರಲ್ಲೇ ಅದೆಯಲ್ಲ ಮಾರಾಯ್ತಿ, ಅರ್ಥ ಆಗೂಕೆ ಒಂದು ಮಿತಿ.”

ಎರಡನೇ ಸಲವೂ ತಪ್ಪಿದರೆ ಎಂ.ಎ. ಕೈಬಿಟ್ಟ ಹಾಗೇ. ಇದ್ದ ಒಂದೇ ಆಸರೆಯೆಂದರೆ ಮನೆಯಲ್ಲೇ ಮಾಡಿ ಒಪ್ಪಿಸುವ ಅಭ್ಯಾಸಕ್ಕೆ ಕೊಡುವ ಅಂಕ. ನಿಮ್ಮೂರಿನ ಯಾವುದಾದರೂ ವಸ್ತುವಿನ ಬೆಲೆ ಬರೆದಿಟ್ಟು ಅದರ ಏರಿಳಿತಕ್ಕೆ ಕಾರಣ ಹುಡುಕಿ ಎಂದಿದ್ದರು. ನಾನು ಹತ್ತು ಬಂಗಡೆಯ ದರ ಆರಿಸಿದೆ. ಮೀನುಪೇಟೆಯಲ್ಲಿ ನನ್ನನ್ನು ಮೀರಿಸಿ ಚೌಕಾಶಿ ಮಾಡುವವರು ಹುಟ್ಟಿರಲಿಲ್ಲ. ಕೇರಿಗೆ ಬಂದ ಹೊಸ ಸೊಸೆಯರನ್ನು ಅತ್ತೆಯರು ನನ್ನ ಜೊತೆ ಕಳಿಸುತ್ತಿದ್ದರು, ಕಲಿತು ಬರಲಿ ಎಂದು. ಓದಿ ಓದಿ ಸೋತು ಮಲಗಿದ ದಿನಗಳಲ್ಲಿ ಮಾತ್ರ ಮನೆಯವರು ಹೋಗುತ್ತಿದ್ದರು. ಅವರೋ, ಕೇಳಿದಷ್ಟು ಕೊಟ್ಟು ಬರುವವರು. ದರ ದಿನಕ್ಕೊಂದು ಇರುವುದರಿಂದ ಇಬ್ಬರದನ್ನೂ ಹೋಲಿಸಿ ನೋಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಧಾರವಾಡದಲ್ಲಿ ನಮಗೆ ಆಗಾಗ ಪಾಠ ಮಾಡುವ ಸರ್, ನನ್ನ ಮಗನಿಗಿಂತ ಸಣ್ಣವರು, ಲೆಕ್ಕ ನೋಡಿ ತಲೆ ಕೆರೆದುಕೊಂಡರು. ಗಾಳಿಯ ದಿನ, ಸಂತೆಯ ದಿನ ಎಲ್ಲ ಸೇರಿಸಿದ್ದರೂ ದರ ಕೆಲವು ದಿನ ಸಮೀಕರಣ ಹೇಳಿದ್ದಕ್ಕಿಂತ ಮೇಲೆ, ಕೆಲವು ದಿನ ಕೆಳಗೆ.

“ಯಾವ್ದೋ ಒಂದು ಕಾರಣ ಬಿಟ್ಟೀರಿ ನೋಡ್ರಿ ಮೇಡಂ. ಮೀನು ತರೋರು ಯಾರ್ರೀ?”

ನನಗೆ ನಗು ಬಂತು. ಇಷ್ಟು ಸುಲಭದ್ದು ಹೊಳೆಯಲಿಲ್ಲವಲ್ಲ! ನಾನು ಹೋದ ದಿನಕ್ಕೆ ಒಂದು, ಮನೆಯವರು ಹೋದ ದಿನಕ್ಕೆ ಸೊನ್ನೆ ಎಂದು ಹೊಸ ಸಾಲು ಬರೆದು, ಕಣ್ಣು ಉರಿಯುವ ತನಕ ಕ್ಯಾಲ್ಕ್ಯುಲೇಟರ್ ಒತ್ತಿದೆ. ಸಮೀಕರಣ ಚೆಂದಕ್ಕೆ ಕೂತಿತು. ಆದರೆ ನನ್ನ ಅಂಕಿಯ ಮುಂದೆ ಮೈನಸ್ ಬರಬೇಕಾದಲ್ಲಿ ಪ್ಲಸ್ ಇತ್ತು. ಉಳಿದದ್ದೆಲ್ಲ ಇದ್ದ ಹಾಗೇ ಇದ್ದರೆ, ನಾನು ಹೋದ ದಿನ ಬಂಗಡೆ ತುಟ್ಟಿ! ಮತ್ತೆ ಮಾಡಿದೆ. ಪ್ಲಸ್ಸೇ. ಒಂದನ್ನೂ ಸೊನ್ನೆಯನ್ನೂ ಅದಲುಬದಲು ಮಾಡಿ ನೋಡಿದೆ. ಮೈನಸ್ಸೇನೋ ಬಂತು, ಆದರೆ ಆಗ ಅದು ಅವರ ಅಂಕಿ. ಅವರು ಹೋದರೆ ಅಗ್ಗ ಎಂದಿತು. ಆ ಸಾಲು ಕಿತ್ತು ಹಾಕಿದರೆ ಮಾನ ಉಳಿಯುತ್ತದೆ, ಎಂ.ಎ. ಹೋಗುತ್ತದೆ.

ಮನೆಯವರು ಹಿಂದಿನಿಂದ ಇಣುಕಿದರು. “ಎಂತ ಬಂತು?”

“ಎಂತ ಇಲ್ಲ. ನಿಮಗೆ ಅರ್ಥ ಆಗೂದಿಲ್ಲ.”

“ನಾ ಹೋದ್ರೆ ಕಮ್ಮಿ ಅಂತ ಬಂತಾ?”

ನಾನು ಹಾಳೆ ಮಗುಚಿಟ್ಟೆ. ಅವರು ಪುಸ್ತಕವನ್ನು ಎತ್ತಿ, ಧೂಳು ಒರೆಸಿ, ಮೆತ್ತಗೆ ನನ್ನ ಮುಂದಿಟ್ಟರು. “ಆತು ಆತು. ಭಾರಿ ಒಳ್ಳೇ ವಿದ್ಯೆ ಇದು. ಬಿಡಬೇಡ ಮಾರಾಯ್ತಿ.”

ಇನ್ನೊಂದು ವಸ್ತು ಹಿಡಿದು ಮೊದಲಿಂದ ಲೆಕ್ಕ ಹಾಕಲು ಮೈಯಲ್ಲಿ ಕಸುವಿರಲಿಲ್ಲ. ಸಾಲು ಇಟ್ಟೇ ಕಳಿಸಿದೆ. ಪಾಸಾದೆ.

ಫಲಿತಾಂಶ ಬಂದ ಮಾರನೇ ದಿನ, ಕಲಿತ ವಿದ್ಯೆ ಬಳಸೋಣವೆಂದು ಮೀನುಪೇಟೆಗೆ ಹೋದೆ. ಚೌಕಾಶಿಗೆ ಬಾಯಿ ಬಿಡದವರಿಗೆ ಅಗ್ಗವೆಂದು ಲೆಕ್ಕವೇ ಹೇಳಿತ್ತು. ನಾವು ಯಾವಾಗಲೂ ಮೀನು ತೆಗೆದುಕೊಳ್ಳುವ ನಾಗಮ್ಮನ ಬುಟ್ಟಿಯ ಮುಂದೆ, ನಮ್ಮ ಮನೆಯವರ ಹಾಗೆ ಮುಖ ಮಾಡಿ ನಿಂತೆ. ಅವಳು ದರ ಹೇಳಿದಳು. ಮಾತಾಡದೆ ಎಣಿಸಿ ಕೊಟ್ಟೆ.

ನಾಗಮ್ಮ ನನ್ನ ಮುಖವನ್ನೇ ನೋಡಿದಳು. “ಅಕ್ಕೋರೇ, ಮೈಯಲ್ಲಿ ಹುಷಾರಿಲ್ವಾ?”

“ಎಂತ ಆಗಿಲ್ಲ. ಎಂತಕ್ಕೆ?”

“ಅಯ್ಯೋ ದೇವ್ರೇ, ನೀವು ಇಳಿಸ್ತ್ರಿ ಅಂತ ನಾ ಯಾವಾಗ್ಲೂ ಏರ್ಸೇ ಹೇಳೂದು. ಇಳಿಸೂಕೆ ಜಾಗ ಬೇಕಲ್ಲ! ನಿಮ್ಮ ಯಜಮಾನ್ರಿಗಾದ್ರೆ ಸೀದಾ ಹೇಳ್ತೆ. ಪಾಪ, ಅವ್ರು.”

ಇಷ್ಟು ಹೇಳುವುದರೊಳಗೆ ದುಡ್ಡು ಅವಳ ಸೊಂಟದ ಚೀಲ ಸೇರಿಯಾಗಿತ್ತು. ಬಂಗಡೆ ಚೀಲಕ್ಕೆ ಹಾಕಿಕೊಂಡು ಮನೆಯ ದಾರಿ ಹಿಡಿದೆ. ಅಷ್ಟು ತುಟ್ಟಿಯ ಬಂಗಡೆ ನಮ್ಮ ಮನೆಗೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

“ಹತ್ತಕ್ಕೆ ಎಷ್ಟಾತು?” ಎಂದು ಮನೆಯವರು ಬಾಗಿಲಲ್ಲೇ ಕೇಳಿದರು. ಎಂ.ಎ. ಆದವರ ಹತ್ತಿರ ಇಂಥ ಸಣ್ಣಪುಟ್ಟ ಪ್ರಶ್ನೆ ಕೇಳಬಾರದು ಎಂದು ಗದರಿಸಿ, ಮೀನು ಕೊಯ್ಯಲು ಕೂತೆ.